ಎಚ್‌ಡಿಎಂಐಯಿಂದ ಸ್ಪೀಕರ್ ವೈರ್‌ವರೆಗೆ: ಕೇಬಲ್‌ಗೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಹೋದ ದಸರಾ ಹೊತ್ತಿಗೆ ದಾವಣಗೆರೆಯ ಚಿಕ್ಕಪ್ಪ ಟಿವಿ ಅಂಗಡಿಯಿಂದಲೇ ಫೋನ್ ಮಾಡಿದರು. 55 ಇಂಚಿನ ಟಿವಿಯ ಮಾತು ಮುಗಿದಿತ್ತು, ಬಿಲ್ ಹಾಕುವುದಷ್ಟೇ ಬಾಕಿ. "ಏನಪ್ಪಾ, ಈ ಹುಡುಗ ಎಚ್‌ಡಿಎಂಐ ಕೇಬಲ್ ಒಂದಕ್ಕೇ ಮೂರೂವರೆ ಸಾವಿರ ಅಂತಿದ್ದಾನೆ. ಇದಿಲ್ಲ ಅಂದ್ರೆ 4ಕೆ ಬರಲ್ಲಂತೆ. ತಗೊಳ್ಳೋದಾ, ಬಿಡೋದಾ?"

"ಎಷ್ಟು ಉದ್ದ ಇದೆ ಚಿಕ್ಕಪ್ಪ?" ಅಂತ ಕೇಳಿದೆ.

"ಒಂದೂವರೆ ಮೀಟರ್."

"ಹಾಗಾದ್ರೆ ಬೇಡ, ವಾಪಸ್ ಕೊಟ್ಬಿಡಿ" ಅಂದೆ.

ಎಚ್‌ಡಿಎಂಐ ಅಂದರೆ ಬಾಕ್ಸ್, ಲ್ಯಾಪ್‌ಟಾಪ್ ಥರದವುಗಳಿಂದ ಟಿವಿಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ಕೇಬಲ್. ನಾನು ಮೊದಲು ಉದ್ದ ಕೇಳಿದ್ದಕ್ಕೆ ಕಾರಣ ಇದೆ. ಕೇಬಲ್ ಬಗ್ಗೆ ಬರುವ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ. ಟಿವಿ ಹಿಂದೆ ಎರಡು ಮೀಟರ್ ಒಳಗೆ ಮುಗಿಯುವ ಕೇಬಲ್‌ಗೆ ಸಾವಿರಗಟ್ಟಲೆ ಸುರಿಯುವುದು ದಂಡ. ಅದೇ ಗೋಡೆಯೊಳಗೆ ಹತ್ತು ಹನ್ನೆರಡು ಮೀಟರ್ ಓಡುವ ಕೇಬಲ್‌ನಲ್ಲಿ ಉಳಿತಾಯ ಮಾಡಲು ಹೋದರೂ ದಂಡವೇ. ಹಬ್ಬದ ಸಮಯದಲ್ಲಿ ಇಂಥ ಫೋನ್ ನನಗೆ ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

1. ಚಿತ್ರ ಎಲ್ಲಿಂದ ಬರುತ್ತಿದೆ, ನೋಡಿಕೊಳ್ಳಿ

ಇದನ್ನು ಯಾರೂ ಕೇಳುವುದೇ ಇಲ್ಲ. ಈಗಿನ ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬ್, ನೆಟ್‌ಫ್ಲಿಕ್ಸ್ ಎಲ್ಲ ಟಿವಿಯೊಳಗಿನ ಆಪ್‌ನಲ್ಲೇ ಓಡುತ್ತವೆ. ಚಿತ್ರ ವೈಫೈಯಲ್ಲಿ ಬರುತ್ತದೆ, ಟಿವಿಯೊಳಗೇ ತೆರೆದುಕೊಳ್ಳುತ್ತದೆ. ಅಲ್ಲಿ ಎಚ್‌ಡಿಎಂಐ ಕೇಬಲ್‌ಗೆ ಕೆಲಸವೇ ಇಲ್ಲ. ಅದಕ್ಕಾಗಿ ದುಬಾರಿ ಕೇಬಲ್ ತಂದರೆ ಆ ದುಡ್ಡು ಪೂರ್ತಿ ವ್ಯರ್ಥ.

ಕೇಬಲ್ ಬೇಕಾಗುವುದು ಹೊರಗಿನಿಂದ ಏನಾದರೂ ಜೋಡಿಸಿದಾಗ. ಸೆಟ್‌ಟಾಪ್ ಬಾಕ್ಸ್, ಲ್ಯಾಪ್‌ಟಾಪ್, ಗೇಮ್ ಕನ್ಸೋಲ್, ಸೌಂಡ್‌ಬಾರ್ ಇಂಥವು. ಇವು ಒಂದೊಂದೂ ಕಳಿಸುವ ಮಾಹಿತಿಯ ಪ್ರಮಾಣ ಬೇರೆ ಬೇರೆ. 1080ಪಿ ಅಂದರೆ ಫುಲ್ ಎಚ್‌ಡಿ ಚಿತ್ರ, 4ಕೆ ಅಂದರೆ ಅದರ ನಾಲ್ಕು ಪಟ್ಟು ಚುಕ್ಕೆಗಳಿರುವ ಚಿತ್ರ. ಸೆಕೆಂಡಿಗೆ 60 ಚಿತ್ರದ 1080ಪಿಗೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಗಿಗಾಬಿಟ್ ಸಾಕು. 4ಕೆಯಲ್ಲಿ 30 ಚಿತ್ರಕ್ಕೆ ಸುಮಾರು 9 ಬೇಕು, 60 ಚಿತ್ರಕ್ಕೆ ಸುಮಾರು 18 ಬೇಕು. ಪ್ಲೇಸ್ಟೇಷನ್ 5 ಥರದ ಕನ್ಸೋಲ್‌ನಲ್ಲಿ 4ಕೆಗೆ 120 ಚಿತ್ರ ಹಾಕಿಕೊಂಡು ಆಡುವವರಿಗೆ ಮಾತ್ರ ಅದಕ್ಕಿಂತ ಜಾಸ್ತಿ ಬೇಕು. ಆ ಕನ್ಸೋಲ್ ಜೊತೆ ತಕ್ಕ ಕೇಬಲ್ ಪೆಟ್ಟಿಗೆಯಲ್ಲೇ ಬರುತ್ತದೆ. ಅದನ್ನೇ ಬಳಸಿ, ಬೇರೆ ತರಬೇಡಿ.

ಸಾಮಾನ್ಯ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಇದ್ದರೆ ಅದರ ಜೊತೆ ಬಂದ ಕೇಬಲ್ಲೇ ಸಾಕು. ಚಿತ್ರ ಮಂಕಾಗಿದೆ ಅನ್ನಿಸಿದರೆ ಕೇಬಲ್ ಬದಲಿಸುವ ಮುಂಚೆ ಬಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಔಟ್‌ಪುಟ್ ರೆಸಲ್ಯೂಷನ್ 576 ಅಥವಾ 720ರಲ್ಲೇ ಕೂತಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. 1080ಕ್ಕೆ ಬದಲಾಯಿಸಿದ ಕೂಡಲೇ ಮನೆಯವರೆಲ್ಲ "ಅಯ್ಯೋ, ಇಷ್ಟು ದಿನ ಹೀಗಿರಲಿಲ್ವಲ್ಲಾ" ಅನ್ನುತ್ತಾರೆ.

ಟಿವಿ ಕಡೆಯೂ ಒಂದು ಸೆಟ್ಟಿಂಗ್ ಇರುತ್ತದೆ. ತುಂಬಾ ಟಿವಿಗಳಲ್ಲಿ ಪ್ರತಿ ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆಯಾಗಿ ಪೂರ್ತಿ ವೇಗವನ್ನು ಆನ್ ಮಾಡಬೇಕು. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರು ಇಟ್ಟಿದೆ. ಎನ್‌ಹ್ಯಾನ್ಸ್ಡ್, ಡೀಪ್ ಕಲರ್, ಸಿಗ್ನಲ್ ಪ್ಲಸ್ ಅಂತೆಲ್ಲ ಇರುತ್ತದೆ. ಅದು ಆಫ್ ಇದ್ದರೆ ಎಂಥ ಕೇಬಲ್ ಹಾಕಿದರೂ ಪೂರ್ತಿ 4ಕೆ ಬರುವುದಿಲ್ಲ.

2. ದುಬಾರಿ ಕೇಬಲ್‌ನಲ್ಲಿ ಬಣ್ಣ ಚೆನ್ನಾಗಿ ಬರುತ್ತದಾ?

ಇಲ್ಲ. ಇದು ಗಟ್ಟಿಯಾಗಿ ಗೊತ್ತಿದ್ದರೆ ಅಂಗಡಿಯಲ್ಲಿ ನಿಮ್ಮನ್ನು ಯಾರೂ ಅಲ್ಲಾಡಿಸಲಾರರು.

ಎಚ್‌ಡಿಎಂಐಯಲ್ಲಿ ಹೋಗುವುದು ಅಂಕಿ. ಬರೀ ಸೊನ್ನೆ ಮತ್ತು ಒಂದು. ಹಿಂದೆ ಊರಿಗೆ ಮನಿಯಾರ್ಡರ್ ಕಳಿಸುತ್ತಿದ್ದರು ಅಲ್ವಾ? ಐನೂರು ಕಳಿಸಿದರೆ ಐನೂರೇ ತಲುಪುತ್ತಿತ್ತು. ಪೋಸ್ಟ್‌ಮ್ಯಾನ್ ಹಳೇ ಸೈಕಲ್‌ನಲ್ಲಿ ಬಂದರೂ ಅಷ್ಟೇ, ಹೊಸ ಬೈಕ್‌ನಲ್ಲಿ ಬಂದರೂ ಅಷ್ಟೇ. ಕೆಂಪು ಬಣ್ಣದ ಒಂದು ಚುಕ್ಕೆಗೆ 200 ಅಂತ ಬಾಕ್ಸ್ ಕಳಿಸಿದರೆ ಟಿವಿಗೆ 200 ಅಂತಲೇ ಸಿಗುತ್ತದೆ. ಆ 200ನ್ನು ಇನ್ನೂ ಕೆಂಪಾದ 210 ಮಾಡುವ ದಾರಿ ಯಾವ ಕೇಬಲ್‌ಗೂ ಇಲ್ಲ.

ಹಾಗಾದರೆ ಕೆಟ್ಟ ಕೇಬಲ್ ಇದ್ದರೆ ಏನಾಗುತ್ತದೆ? ತಂತಿ ಉದ್ದ ಇದ್ದರೆ, ತೀರಾ ತೆಳ್ಳಗಿದ್ದರೆ, ಕನೆಕ್ಟರ್ ಸಡಿಲ ಇದ್ದರೆ ಕೆಲವು ಸೊನ್ನೆ ಒಂದುಗಳನ್ನು ಟಿವಿ ತಪ್ಪಾಗಿ ಓದುತ್ತದೆ. ಆಗ ಪರದೆ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಮಿನುಗುತ್ತವೆ. ತಪ್ಪು ಇನ್ನೂ ಜಾಸ್ತಿಯಾದರೆ ಎರಡು ಸೆಕೆಂಡ್ ಪರದೆ ಕಪ್ಪಾಗಿ ಮತ್ತೆ ಬರುತ್ತದೆ. ಅದಕ್ಕೂ ಮೀರಿದರೆ ನೋ ಸಿಗ್ನಲ್. ಕೆಟ್ಟ ಕೇಬಲ್‌ನ ಮುಖ್ಯ ಲಕ್ಷಣ ಈ ಮೂರು. ಬಣ್ಣ ಸ್ವಲ್ಪ ಮಂಕು, ಅಂಚು ಸ್ವಲ್ಪ ಮಸುಕು ಅನ್ನುವುದೆಲ್ಲ ಕೇಬಲ್‌ನ ತಪ್ಪಲ್ಲ. ಅದು ಪಿಕ್ಚರ್ ಮೋಡ್‌ನದ್ದು, ರೆಸಲ್ಯೂಷನ್‌ನದ್ದು, ಇಲ್ಲವೇ ಚಾನೆಲ್‌ನವರದ್ದು.

ಅಂಗಡಿಯಲ್ಲಿ ಎರಡು ಟಿವಿ ಅಕ್ಕಪಕ್ಕ ಇಟ್ಟು "ಇದು ನಮ್ಮ ಕೇಬಲ್, ಅದು ಸಾದಾ ಕೇಬಲ್, ನೀವೇ ನೋಡಿ ಸಾರ್" ಅಂದರೆ ಒಂದೇ ಕೆಲಸ ಮಾಡಿ. ಎರಡೂ ಕೇಬಲ್‌ಗಳನ್ನು ಒಂದೇ ಟಿವಿಗೆ, ಒಂದೇ ಕಿಂಡಿಗೆ ಹಾಕಿ ತೋರಿಸಿ ಅನ್ನಿ. ಹಾಗೆ ಮಾಡಿದಾಗ ವ್ಯತ್ಯಾಸ ಉಳಿದದ್ದನ್ನು ನಾನು ಈವರೆಗೆ ನೋಡಿಲ್ಲ.

3. ದಾರಿ ಅಳೆಯಿರಿ

ಬಾಕ್ಸ್‌ನಿಂದ ಟಿವಿಗೆ ಇರುವ ನೇರ ದೂರ ಅಳೆದರೆ ಸಾಲದು. ಕೇಬಲ್ ಹೋಗುವ ದಾರಿಯಲ್ಲೇ ಒಂದು ದಾರ ಹಾಯಿಸಿ, ಆ ದಾರವನ್ನು ಅಳೆಯಿರಿ. ಅದರ ಮೇಲೆ ಅರ್ಧ ಮೀಟರ್ ಸೇರಿಸಿ. ಇರಲಿ ಅಂತ ಐದು ಮೀಟರ್ ತಂದು ಮೂರು ಮೀಟರ್ ಸುರುಳಿ ಸುತ್ತಿಡಬೇಡಿ. ಉದ್ದವೇ ಎಚ್‌ಡಿಎಂಐಯ ಶತ್ರು.

ಎರಡು ಮೀಟರ್ ಒಳಗಿದ್ದರೆ ಯಾವುದಾದರೂ ನಂಬಿಕಸ್ಥ ಕಂಪನಿಯ ಮುನ್ನೂರು ನಾನೂರು ರೂಪಾಯಿಯ ಕೇಬಲ್ ಸಾಕು. ಮೂರರಿಂದ ಐದು ಮೀಟರ್ ಇದ್ದು 4ಕೆ ಬೇಕಿದ್ದರೆ ಪರೀಕ್ಷೆ ಮಾಡಿ ಚೀಟಿ ಅಂಟಿಸಿದ್ದನ್ನೇ ಹುಡುಕಿ. ಏಳೆಂಟು ಮೀಟರ್ ದಾಟಿದರೆ ತಾಮ್ರದ ಆಸೆ ಬಿಟ್ಟು ಆಪ್ಟಿಕಲ್ ಎಚ್‌ಡಿಎಂಐ ಕೇಬಲ್‌ಗೆ ಹೋಗಿ. ಅದರೊಳಗೆ ಗಾಜಿನ ಎಳೆಗಳಿರುತ್ತವೆ, ಎರಡೂ ತುದಿಯಲ್ಲಿ ಸಣ್ಣ ಚಿಪ್ ಇರುತ್ತದೆ, ಚಿತ್ರ ಬೆಳಕಾಗಿ ಹೋಗುತ್ತದೆ. ಇದಕ್ಕೆ ಕೆಲವು ಸಾವಿರ ಬೀಳುತ್ತದೆ. ಅದು ನ್ಯಾಯವಾದ ಖರ್ಚು, ಯಾಕಂದರೆ ಅಷ್ಟು ದೂರ 4ಕೆ ಒಯ್ಯಲು ಬೇರೆ ಭರವಸೆಯ ದಾರಿ ಕಡಿಮೆ.

4. ಪೆಟ್ಟಿಗೆ ಮೇಲೆ ಏನು ಓದಬೇಕು

"2.1 ಕೇಬಲ್", "8ಕೆ ಕೇಬಲ್" ಅಂತ ದೊಡ್ಡದಾಗಿ ಬರೆದಿರುವುದನ್ನು ನಂಬಿ ಕೊಳ್ಳಬೇಡಿ. 2.0, 2.1 ಅನ್ನುವವು ಎಚ್‌ಡಿಎಂಐ ನಿಯಮಾವಳಿಯ ಆವೃತ್ತಿಗಳು. 2.0 ಬಂದದ್ದು 2013ರಲ್ಲಿ, 2.1 ಬಂದದ್ದು 2017ರಲ್ಲಿ. ಕೇಬಲ್‌ಗೆ ಇರುವ ಅಧಿಕೃತ ಹೆಸರುಗಳೇ ಬೇರೆ. ಹೈ ಸ್ಪೀಡ್ ಅಂದರೆ ಸುಮಾರು 10 ಗಿಗಾಬಿಟ್. ಪ್ರೀಮಿಯಂ ಹೈ ಸ್ಪೀಡ್ ಅಂದರೆ 18. ಅಲ್ಟ್ರಾ ಹೈ ಸ್ಪೀಡ್ ಅಂದರೆ 48. ಕೊನೆಯ ಎರಡಕ್ಕೂ ಪೆಟ್ಟಿಗೆ ಮೇಲೆ ಕ್ಯೂಆರ್ ಕೋಡ್ ಇರುವ ಚೀಟಿ ಅಂಟಿಸಿರುತ್ತಾರೆ. ಎಚ್‌ಡಿಎಂಐ ಸಂಸ್ಥೆಯದ್ದೇ ಆಪ್ ಹಾಕಿಕೊಂಡು ಸ್ಕ್ಯಾನ್ ಮಾಡಿದರೆ ಅಸಲಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಕೊಳ್ಳುವಾಗ ಕೌಂಟರ್ ಮುಂದೆಯೇ ನಿಂತು ಸ್ಕ್ಯಾನ್ ಮಾಡಿ. ನಾನು ಹಾಗೇ ಮಾಡುತ್ತೇನೆ, ಯಾರೂ ಬೇಜಾರು ಮಾಡಿಕೊಂಡಿಲ್ಲ.

ಇನ್ನು ಚಿನ್ನದ ಲೇಪ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಅದೊಂದೇ ಅದರ ಉಪಯೋಗ. ಕರೆಂಟ್ ಹರಿಸುವುದರಲ್ಲಿ ಚಿನ್ನ ತಾಮ್ರಕ್ಕಿಂತ ಹಿಂದೆಯೇ ಇದೆ. ಕಾರವಾರ, ಉಡುಪಿ, ಮಂಗಳೂರಿನಂಥ ಉಪ್ಪುಗಾಳಿಯ ಊರಲ್ಲಿ ಇದು ಒಳ್ಳೆಯದೇ. ಆದರೆ ಲೇಪ ಎಷ್ಟು ತೆಳು ಅಂದರೆ ನಾನೂರು ರೂಪಾಯಿಯ ಕೇಬಲ್‌ನಲ್ಲೂ ಅದು ಇರುತ್ತದೆ. ಅದಕ್ಕಂತಲೇ ಜಾಸ್ತಿ ಕೊಡಬೇಕಿಲ್ಲ.

ಸೌಂಡ್‌ಬಾರ್ ಇಟ್ಟುಕೊಂಡವರು ಇಷ್ಟು ಗಮನಿಸಿ: ಕೇಬಲ್ ಅನ್ನು ಟಿವಿಯಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ಕಿಂಡಿಗೇ ಹಾಕಿ. ಬೇರೆ ಕಿಂಡಿಗೆ ಹಾಕಿದರೆ ಟಿವಿಯ ಸದ್ದು ಸೌಂಡ್‌ಬಾರ್‌ಗೆ ಬರುವುದಿಲ್ಲ.

5. ಸ್ಪೀಕರ್ ವೈರ್: ಇಲ್ಲಿ ಲೆಕ್ಕ ಮಾತಾಡಲಿ

ಸ್ಪೀಕರ್ ವೈರ್‌ನಲ್ಲಿ ಹೋಗುವುದು ಅಂಕಿ ಅಲ್ಲ, ನಿಜವಾದ ಕರೆಂಟು. ಆದ್ದರಿಂದ ಇಲ್ಲಿ ವೈರ್‌ಗೆ ಬೆಲೆ ಇದೆ. ಆದರೆ ಆ ಬೆಲೆ ದಪ್ಪಕ್ಕೆ, ಬ್ರ್ಯಾಂಡ್‌ಗಲ್ಲ.

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗುವ ತಂತಿ ಕರೆಂಟಿಗೆ ಸ್ವಲ್ಪ ತಡೆ ಒಡ್ಡುತ್ತದೆ. ಆ ತಡೆ ಸ್ಪೀಕರ್‌ನ ತಡೆಯ ನೂರಕ್ಕೆ ಐದು ಭಾಗ ಮೀರದಿದ್ದರೆ ಸಾಕು ಅನ್ನುವುದು ಬಹಳ ಕಾಲದಿಂದ ನಡೆದುಬಂದ ಅಳತೆ. ಸ್ಪೀಕರ್ ಹಿಂದೆ 8 ಓಮ್ ಅಂತ ಬರೆದಿದ್ದರೆ ವೈರ್ 0.4 ಓಮ್ ಮೀರಬಾರದು. ಹೋಗುವ ಎಳೆ, ಬರುವ ಎಳೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ತಾಮ್ರದ ಮಲ್ಟಿಸ್ಟ್ರ್ಯಾಂಡ್ ವೈರ್‌ನಲ್ಲಿ ಈ ಲೆಕ್ಕ ಹೀಗೆ ಬರುತ್ತದೆ. 8 ಓಮ್ ಸ್ಪೀಕರ್‌ಗೆ 1 ಎಂಎಂ ವೈರ್ ಸುಮಾರು 10 ಮೀಟರ್ ದೂರದವರೆಗೆ ಸಾಕು. 1.5 ಎಂಎಂ ಆದರೆ 15 ಮೀಟರ್. 2.5 ಎಂಎಂ ಆದರೆ 25 ಮೀಟರ್. ಸ್ಪೀಕರ್ 4 ಓಮ್ ಇದ್ದರೆ ಈ ದೂರಗಳನ್ನು ಅರ್ಧ ಮಾಡಿಕೊಳ್ಳಿ. ಇಲ್ಲಿ ಎಂಎಂ ಅಂದರೆ ಅಂಗಡಿಯವರು ಹೇಳುವ ಹಾಗೆ, ಅಂದರೆ ಚದರ ಮಿಲಿಮೀಟರ್.

ಹಾಲ್‌ನಲ್ಲಿ ಟಿವಿ ಪಕ್ಕದ ಸ್ಪೀಕರ್‌ಗೆ ಮೂರು ನಾಲ್ಕು ಮೀಟರ್ ದಾಟುವುದಿಲ್ಲ. ಹಿಂದಿನ ಗೋಡೆಯ ಸ್ಪೀಕರ್‌ಗೆ ಸುತ್ತಿ ಬಂದರೂ ಹನ್ನೆರಡು ಮೀಟರ್ ಒಳಗೆ ಮುಗಿಯುತ್ತದೆ. ಅಂದರೆ ನಮ್ಮ ಬಹುತೇಕ ಮನೆಗಳಿಗೆ 1.5 ಎಂಎಂ ವೈರ್ ಧಾರಾಳ. ಮೈಕ್ ಸೆಟ್‌ನವರು ತಲೆತಲಾಂತರದಿಂದ ಬಳಸುವ 40/76 ವೈರ್ ಕೂಡ ಆಗುತ್ತದೆ. ಅದರಲ್ಲಿ ನಲವತ್ತು ಎಳೆ ಇರುತ್ತವೆ, ದಪ್ಪ 1 ಎಂಎಂಗಿಂತ ಸ್ವಲ್ಪ ಮೇಲೆ.

"ಆಕ್ಸಿಜನ್ ಫ್ರೀ ಕಾಪರ್" ಅನ್ನುವ ಮಾತು ಕೇಳಿರುತ್ತೀರಿ. ಮನೆ ವೈರಿಂಗ್‌ಗೆ ಬಳಸುವ ಒಳ್ಳೆಯ ತಾಮ್ರವೇ ನೂರಕ್ಕೆ 99.9ರಷ್ಟು ಶುದ್ಧ ಇರುತ್ತದೆ. ಆಕ್ಸಿಜನ್ ತೆಗೆದ ತಾಮ್ರ ಅದಕ್ಕಿಂತ ಹೆಚ್ಚೆಂದರೆ ನೂರಕ್ಕೆ ಒಂದು ಭಾಗ ಚೆನ್ನಾಗಿ ಕರೆಂಟ್ ಹರಿಸಬಹುದು. 10 ಮೀಟರ್ ವೈರನ್ನು ಹತ್ತು ಸೆಂಟಿಮೀಟರ್ ಕತ್ತರಿಸಿದರೆ ಅದೇ ಲಾಭ ಸಿಗುತ್ತದೆ.

ಭಯ ಪಡಬೇಕಾದ್ದು ಇನ್ನೊಂದಕ್ಕೆ: ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ವೈರ್. ಪೆಟ್ಟಿಗೆ ಮೇಲೆ ಸಿಸಿಎ ಅಂತ ಸಣ್ಣದಾಗಿ ಬರೆದಿರುತ್ತಾರೆ, ಕೆಲವರು ಅದನ್ನೂ ಬರೆಯುವುದಿಲ್ಲ. ಅದೇ ದಪ್ಪದ ತಾಮ್ರಕ್ಕಿಂತ ಇದರ ತಡೆ ಸುಮಾರು ಒಂದೂವರೆ ಪಟ್ಟು. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಕಂಡುಹಿಡಿಯುವುದು ಸುಲಭ. ಒಂದು ಎಳೆ ಬಿಡಿಸಿ ಬ್ಲೇಡ್‌ನಿಂದ ಮೆಲ್ಲಗೆ ಹೆರೆಯಿರಿ. ಒಳಗೂ ಕೆಂಪಗೇ ಇದ್ದರೆ ತಾಮ್ರ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಸುರುಳಿಯನ್ನು ಕೈಯಲ್ಲಿ ಹಿಡಿದರೂ ತೂಕದಲ್ಲೇ ಗೊತ್ತಾಗುತ್ತದೆ.

ವೈರ್ ತಂದ ಮೇಲೆ ಜೋಡಿಸುವುದರಲ್ಲಿ ತಪ್ಪಬೇಡಿ. ತುದಿಯಲ್ಲಿ ಒಂದು ಸೆಂಟಿಮೀಟರ್‌ನಷ್ಟು ಸಿಪ್ಪೆ ಬಿಡಿಸಿ. ಎಳೆಗಳನ್ನು ಬತ್ತಿ ಹೊಸೆದ ಹಾಗೆ ಹೊಸೆಯಿರಿ. ಒಂದು ಎಳೆಯೂ ಪಕ್ಕದ ಟರ್ಮಿನಲ್ ಮುಟ್ಟಬಾರದು, ಮುಟ್ಟಿದರೆ ಆಂಪ್ಲಿಫೈಯರ್ ಸುಡಬಹುದು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಎರಡು ಸ್ಪೀಕರ್‌ನಲ್ಲಿ ಒಂದಕ್ಕೆ ಉಲ್ಟಾ ಕೊಟ್ಟರೆ ಒಂದರ ಕೋನ್ (ಸ್ಪೀಕರ್‌ನಲ್ಲಿ ಅಲುಗಾಡುವ ಪೊರೆ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ. ತಬಲದ ಬಾಯಾ ಸದ್ದು ಮಾಯವಾಗುತ್ತದೆ, ಹಾಡುವವರು ಎಲ್ಲಿ ನಿಂತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಸಂದೇಹ ಇದ್ದರೆ ವೈರನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿ, ಅದರ ತುದಿಗೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಕೆಂಪು ಎಳೆಗೆ ಪ್ಲಸ್ ಮುಟ್ಟಿಸಿದಾಗ ದೊಡ್ಡ ಕೋನ್ ಹೊರಗೆ ಬಂದರೆ ಸರಿಯಾಗಿದೆ.

6. ಗುಂಯ್ ಅನ್ನುವ ಸದ್ದು

ಲ್ಯಾಪ್‌ಟಾಪ್ ಅಥವಾ ಸೆಟ್‌ಟಾಪ್ ಬಾಕ್ಸ್ ಜೋಡಿಸಿದ ಕೂಡಲೇ ಸ್ಪೀಕರ್ ಗುಂಯ್ ಅನ್ನುತ್ತದೆ. "ಶೀಲ್ಡಿಂಗ್ ಸರಿಯಿಲ್ಲ, ದುಬಾರಿ ಕೇಬಲ್ ಹಾಕಿ" ಅನ್ನುತ್ತಾರೆ. ಹೆಚ್ಚಿನ ಸಲ ಕಾರಣ ಅದಲ್ಲ. ಎರಡು ಉಪಕರಣ ಎರಡು ಬೇರೆ ದಾರಿಯಲ್ಲಿ ಅರ್ಥ್ ಆಗಿರುತ್ತವೆ. ಆ ಎರಡು ಅರ್ಥ್ ನಡುವೆ ಆಡಿಯೋ ಕೇಬಲ್‌ನ ಹೊರ ಜಾಲರಿ ಮೂಲಕ ಸಣ್ಣ ಕರೆಂಟ್ ಹರಿಯುತ್ತದೆ. ನಮ್ಮ ಮನೆಯ ಕರೆಂಟ್ 50 ಹರ್ಟ್ಜ್ ಆದ್ದರಿಂದ ಆ ದಪ್ಪ ಸದ್ದು ಬರುತ್ತದೆ.

ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು. ನಿಲ್ಲದಿದ್ದರೆ ಡಿಶ್ ಅಥವಾ ಕೇಬಲ್ ಟಿವಿ ವೈರ್ ಬಿಚ್ಚಿ ನೋಡಿ. ಆಮೇಲೆ ಎಲ್ಲ ಉಪಕರಣಗಳನ್ನೂ ಒಂದೇ ಸ್ವಿಚ್ ಬೋರ್ಡ್‌ಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ಬೆಲೆ ಕೆಲವೇ ನೂರು. ಆದರೆ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ. ಸದ್ದು ನಿಲ್ಲಬಹುದು. ಆಮೇಲೆ ಉಪಕರಣದಲ್ಲಿ ಲೀಕೇಜ್ ಆದರೆ ಅದನ್ನು ಮುಟ್ಟಿದವರ ಜೀವವೇ ಹೋಗಬಹುದು. ಮನೆಯಲ್ಲಿ ಮಕ್ಕಳಿರುತ್ತಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ.

7. ನಿಜವಾಗಿ ದುಡ್ಡು ಹಾಕಬೇಕಾದ ಕೇಬಲ್: ಮೈಕ್‌ನದ್ದು

ಊರ ಹಬ್ಬ, ಯಕ್ಷಗಾನ, ಭಜನೆ, ಆರ್ಕೆಸ್ಟ್ರಾ ಮಾಡುವವರಿಗೆ ನಾನು ಉಲ್ಟಾ ಮಾತು ಹೇಳುತ್ತೇನೆ. ಇಲ್ಲಿ ಉಳಿಸಬೇಡಿ. ಮೈಕ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಕೇಬಲ್ ಮೂವತ್ತು ಮೀಟರ್ ಓಡುತ್ತದೆ, ಪಕ್ಕದಲ್ಲೇ ಸೀರಿಯಲ್ ಲೈಟ್ ವೈರ್ ಇರುತ್ತದೆ. ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಕೇಬಲ್ ಅದಕ್ಕೇ ಇರುವುದು. ಒಳಗೆ ಎರಡು ಎಳೆಗಳಲ್ಲಿ ಒಂದೇ ಸದ್ದು ನೇರ ಮತ್ತು ಉಲ್ಟಾ ಹೋಗುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಒಂದೇ ಥರ ಸೇರುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಹೋಗಿ ಹಾಡು ಉಳಿಯುತ್ತದೆ.

ಆದರೆ ಈ ಕೇಬಲ್ ಸಾಯುವುದು ಕನೆಕ್ಟರ್‌ನಲ್ಲಿ. ಜನ ತುಳಿಯುತ್ತಾರೆ, ಎಳೆಯುತ್ತಾರೆ, ಮಳೆ ಬೀಳುತ್ತದೆ. ಬೆಸುಗೆ ಗಟ್ಟಿ ಇರುವ, ವೈರನ್ನು ಹಿಂದಿನಿಂದ ಬಿಗಿಯಾಗಿ ಕಚ್ಚಿ ಹಿಡಿಯುವ ಕನೆಕ್ಟರ್‌ಗೆ ದುಡ್ಡು ಕೊಡಿ. ನ್ಯೂಟ್ರಿಕ್‌ನಂಥವು ದುಬಾರಿ ನಿಜ. ಆದರೆ ಬಿಚ್ಚಿ ಮತ್ತೆ ಬೆಸುಗೆ ಹಾಕಬಹುದು, ವರ್ಷಗಟ್ಟಲೆ ಬಾಳುತ್ತವೆ. ಸುತ್ತುವಾಗ ಮೊಣಕೈಗೆ ಬಿಗಿದು ಸುತ್ತಬೇಡಿ, ಒಳಗಿನ ಎಳೆ ತಿರುಚಿಕೊಂಡು ಮುರಿಯುತ್ತವೆ. ಕೈಯಲ್ಲಿ ಸಡಿಲ ಬಳೆಯ ಹಾಗೆ ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಒಳಗಿನಿಂದ ಹಾಕಿ.

ಗಿಟಾರ್ ನುಡಿಸುವವರಿಗೂ ಒಂದು ಮಾತು. ಸಾದಾ ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಕೇಬಲ್ ಉದ್ದವಾದಷ್ಟೂ ಮೇಲಿನ ಸ್ವರಗಳ ಹೊಳಪು ಕಡಿಮೆಯಾಗುತ್ತದೆ. ಇದು ಕಿವಿಗೆ ಕೇಳುವ ನಿಜವಾದ ವ್ಯತ್ಯಾಸ. ಕೆಪಾಸಿಟೆನ್ಸ್ (ಕೇಬಲ್ ತನ್ನೊಳಗೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ) ಕಡಿಮೆ ಇರುವ ಕೇಬಲ್ ನೋಡಿ, ಇಲ್ಲವೇ ಗಿಡ್ಡ ಕೇಬಲ್ ಹಾಕಿ.

8. ಡಿಶ್ ವೈರ್

ಮಳೆ ಶುರುವಾದರೆ ಸಾಕು, ಟಿವಿ ಹೋಗುತ್ತೆ ಅಂತ ಮಲೆನಾಡಿನ ಕಡೆಯಿಂದ ದೂರು ಬರುತ್ತಲೇ ಇರುತ್ತದೆ. ದಪ್ಪ ಮೋಡಕ್ಕೆ ಮದ್ದಿಲ್ಲ. ಆದರೆ ಮಳೆ ನಿಂತು ಎರಡು ದಿನ ಆದರೂ ಬರದಿದ್ದರೆ ಕನೆಕ್ಟರ್ ಒಳಗೆ ನೀರು ಹೋಗಿರಬಹುದು. ಆರ್‌ಜಿ6 ಕೇಬಲ್ ಹಾಕಿಸಿ, ಡಿಶ್ ಹತ್ತಿರ ಕೇಬಲ್ ಕೆಳಗೆ ಜೋತು ಬಿದ್ದು ಮೇಲೆ ಏರುವಂತೆ ಒಂದು ಬಳಸು ಕೊಡಿ. ಆಗ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್ ಮೇಲೆ ಸೆಲ್ಫ್ ಬಾಂಡಿಂಗ್ ರಬ್ಬರ್ ಟೇಪ್ ಎಳೆದು ಸುತ್ತಿ.

9. ಮನೆ ಕಟ್ಟುವವರು ಇದೊಂದನ್ನು ಮರೆಯಬೇಡಿ

ನನ್ನ ಸ್ನೇಹಿತರೊಬ್ಬರು ಮೈಸೂರಿನಲ್ಲಿ ಮನೆ ಕಟ್ಟಿಸುವಾಗ ಪ್ರೊಜೆಕ್ಟರ್‌ಗೆ ಅಂತ ಹನ್ನೆರಡು ಮೀಟರ್‌ನ ಒಳ್ಳೆಯ, ದುಬಾರಿ ಎಚ್‌ಡಿಎಂಐ ಕೇಬಲ್ ತಂದು ಗೋಡೆಯಲ್ಲಿ ಇಟ್ಟು ಗಾರೆ ಮಾಡಿಸಿಬಿಟ್ಟರು. 1080ಪಿ ಪ್ರೊಜೆಕ್ಟರ್ ಇರುವವರೆಗೆ ಎಲ್ಲ ಚೆನ್ನಾಗಿತ್ತು. ನಾಲ್ಕು ವರ್ಷದ ಮೇಲೆ 4ಕೆ ಪ್ರೊಜೆಕ್ಟರ್ ತಂದರು. ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗತೊಡಗಿತು. ಗೋಡೆ ಕೊರೆದು, ಕೇಬಲ್ ತೆಗೆದು, ಮತ್ತೆ ಗಾರೆ, ಪುಟ್ಟಿ, ಬಣ್ಣ. ಕೇಬಲ್‌ಗಿಂತ ಅದರ ಖರ್ಚೇ ಜಾಸ್ತಿಯಾಯಿತು. ಹಾಲ್‌ನ ಸೋಫಾ ಮೇಲೆಲ್ಲ ಸಿಮೆಂಟ್ ದೂಳು ಕೂತಿದ್ದನ್ನು ನಾನೇ ನೋಡಿದೆ.

ಆದ್ದರಿಂದ ಗೋಡೆಯಲ್ಲಿ ಕೇಬಲ್ ಹೂಳಬೇಡಿ, ಪೈಪ್ ಹೂಳಿ. ಎಲೆಕ್ಟ್ರಿಷಿಯನ್ ಮುಕ್ಕಾಲು ಇಂಚು ಸಾಕು ಅನ್ನುತ್ತಾರೆ. ಸಾಲದು. ಎಚ್‌ಡಿಎಂಐ ಪ್ಲಗ್‌ನ ಪ್ಲಾಸ್ಟಿಕ್ ಹಿಡಿ ಅಗಲ ಇರುತ್ತದೆ, ಅದು ತೂರಬೇಕು. 40 ಎಂಎಂ ಪೈಪ್ ಹಾಕಿಸಿ. ತಿರುವಿನಲ್ಲಿ ಗಿಡ್ಡ ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿಸಿ. ಒಳಗೆ ಒಂದು ಗಟ್ಟಿ ನೈಲಾನ್ ಹಗ್ಗ ಬಿಟ್ಟಿರಿ, ಮುಂದೆ ಕೇಬಲ್ ಎಳೆಯಲು ಬೇಕಾಗುತ್ತದೆ. ಕರೆಂಟ್ ವೈರ್ ಮತ್ತು ಇದು ಒಂದೇ ಪೈಪ್‌ನಲ್ಲಿ ಹೋಗಬಾರದು. ಮೇಸ್ತ್ರಿ ಗಾರೆ ಮುಗಿಸುವ ಮುಂಚೆ ನೀವೇ ನಿಂತು ಹಗ್ಗ ಎಳೆದು ನೋಡಿ, ಸರಾಗ ಆಡಬೇಕು. ಜೊತೆಗೆ ಅದೇ ಪೈಪ್‌ನಲ್ಲಿ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಒಂದನ್ನು ಎಳೆಸಿಡಿ. ಅದರ ಖರ್ಚು ಅಲ್ಪ, ಮುಂದೆ ಹತ್ತು ಕೆಲಸಕ್ಕೆ ಬರುತ್ತದೆ.

ಆಪ್ಟಿಕಲ್ ಎಚ್‌ಡಿಎಂಐ ಎಳೆಯುವಾಗ ಇನ್ನೊಂದು ಎಚ್ಚರ. ಅದಕ್ಕೆ ದಿಕ್ಕು ಇದೆ. ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಅಂತ ಬರೆದಿರುತ್ತದೆ. ಉಲ್ಟಾ ಎಳೆದರೆ ಚಿತ್ರವೇ ಬರುವುದಿಲ್ಲ. ಎಳೆಯುವ ಮುಂಚೆ ನೆಲದ ಮೇಲೆ ಪೂರ್ತಿ ಹಾಸಿ, ಜೋಡಿಸಿ, ಒಂದು ಗಂಟೆ ಓಡಿಸಿ ನೋಡಿ. ಪೈಪ್ ಒಳಗೆ ಎಳೆಯುವಾಗ ಪ್ಲಗ್‌ಗೆ ಹಗ್ಗ ಕಟ್ಟದೆ ಕೇಬಲ್ ಮೈಗೆ ಕಟ್ಟಿ.

10. ಲಕ್ಷದ ಕೇಬಲ್ ಬಗ್ಗೆ

ಲಕ್ಷಗಟ್ಟಲೆ ಬೆಲೆಯ ಸ್ಪೀಕರ್ ಕೇಬಲ್, ಪವರ್ ಕೇಬಲ್, ನೆಟ್‌ವರ್ಕ್ ಕೇಬಲ್ ಕೂಡ ಇವೆ. 2008ರಲ್ಲಿ ಡೆನಾನ್ ಕಂಪನಿ ಒಂದೂವರೆ ಮೀಟರ್‌ನ ನೆಟ್‌ವರ್ಕ್ ಮಾದರಿಯ ಕೇಬಲ್ ಒಂದನ್ನು 499 ಡಾಲರ್‌ಗೆ ಮಾರಾಟಕ್ಕೆ ಇಟ್ಟಿತ್ತು. ಅದರ ಹಿಂದಿನ ವರ್ಷ, 2007ರಲ್ಲಿ, ಪವಾಡದ ಮಾತುಗಳನ್ನು ಪರೀಕ್ಷೆಗೆ ಒಡ್ಡುತ್ತಿದ್ದ ಅಮೆರಿಕದ ಜಾದೂಗಾರ ಜೇಮ್ಸ್ ರ್‍ಯಾಂಡಿ ಒಂದು ಸವಾಲು ಹಾಕಿದ್ದರು. ಪೇರ್ ಕಂಪನಿಯ 7,250 ಡಾಲರ್‌ನ ಸ್ಪೀಕರ್ ಕೇಬಲ್ ಯಾವುದು, ಸಾಧಾರಣ ಬೆಲೆಯ ಕೇಬಲ್ ಯಾವುದು ಅಂತ ನೋಡದೆ ಕೇಳಿ ಹೇಳಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ಮೈಕಲ್ ಫ್ರೆಮರ್ ಅನ್ನುವ ಆಡಿಯೋ ವಿಮರ್ಶಕರು ಮುಂದೆ ಬಂದರು. ಆದರೆ ಕೇಬಲ್ ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ.

ಪವರ್ ಕೇಬಲ್ ವಿಷಯ ನೀವೇ ಯೋಚಿಸಿ. ಕರೆಂಟ್ ಬೀದಿ ಕಂಬದಿಂದ ಮೀಟರ್‌ಗೆ, ಅಲ್ಲಿಂದ ಗೋಡೆಯೊಳಗಿನ ಸಾದಾ ವೈರ್‌ನಲ್ಲಿ ಹತ್ತಾರು ಮೀಟರ್ ಬಂದಿರುತ್ತದೆ. ಕೊನೆಯ ಒಂದು ಮೀಟರ್ ಬದಲಾಯಿಸಿದರೆ ಹಿಂದಿನದ್ದೆಲ್ಲ ಬದಲಾಗುವುದಿಲ್ಲ. ಆ ದುಡ್ಡಿನಲ್ಲಿ ಮನೆಯ ಅರ್ಥಿಂಗ್ ಸರಿ ಮಾಡಿಸಿ.

ನಿಮಗೆ ಇನ್ನೂ ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ನಾನು ಮಾಡಿದ್ದು ಹೀಗೆ. ಸ್ನೇಹಿತರಿಂದ ಹದಿನೆಂಟು ಸಾವಿರದ ಸ್ಪೀಕರ್ ಕೇಬಲ್ ಎರವಲು ತಂದೆ. ಇನ್ನೊಂದು ನಮ್ಮ ಮನೆಯ 1.5 ಎಂಎಂ ವೈರ್. ಅಕ್ಕನ ಮಗ ನಾಣ್ಯ ಚಿಮ್ಮಿ, ಅದು ಹೇಳಿದ ಕೇಬಲ್ ಹಾಕಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ನಾನು ಇನ್ನೊಂದು ಕೋಣೆಯಲ್ಲಿ ಇದ್ದು, ಅವನು "ಮಾಮ, ಬನ್ನಿ" ಅಂದ ಮೇಲೆ ಬಂದು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಅದೇ ಹಾಡು, ವಾಲ್ಯೂಮ್ ಮುಟ್ಟುವ ಹಾಗಿಲ್ಲ. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದೆ. ಸುಮ್ನೆ ಊಹಿಸಿದರೂ ಐದು ಬರುತ್ತದೆ, ಆರು ಏನೂ ಹೆಚ್ಚಲ್ಲ. ಹತ್ತಕ್ಕೆ ಒಂಬತ್ತೋ ಹತ್ತೋ ಬಂದರೆ ಆಗ ವ್ಯತ್ಯಾಸ ಇದೆ ಅಂತ ನಂಬಬಹುದು. ಊಹೆಯಲ್ಲಿ ಹತ್ತಕ್ಕೆ ಹತ್ತು ಬರುವುದು 1,024 ಸಲದಲ್ಲಿ ಒಂದೇ ಸಲ. ಕೇಬಲ್ ಹೆಸರು ಗೊತ್ತಿದ್ದಾಗ ನನಗೂ ದುಬಾರಿಯದ್ದೇ ಚೆನ್ನಾಗಿ ಕೇಳಿಸಿತ್ತು. ಕಿವಿಗೆ ಮನಸ್ಸು ಕೂಡ ಸೇರಿಕೊಳ್ಳುತ್ತದೆ, ಯಾರಿಗಾದರೂ ಹಾಗೇ.

ಅದೇ ದಿನ ಇನ್ನೊಂದು ಮಾಡಿದೆವು. ಹಾಲ್‌ನ ಟೈಲ್ಸ್ ಮೇಲೆ ದೊಡ್ಡ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಎಳೆದು ಅದೇ ಹಾಡು ಹಾಕಿದೆವು. ಚಪ್ಪಾಳೆ ಹೊಡೆದರೆ ಝಣ್ ಅನ್ನುತ್ತಿದ್ದ ಕೋಣೆ ಸುಮ್ಮನಾಯಿತು. ಹಾಡಿನ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸಿತು. ಇದನ್ನು ಹೇಳಲು ನಾಣ್ಯವೂ ಬೇಕಿರಲಿಲ್ಲ, ಚೀಟಿಯೂ ಬೇಕಿರಲಿಲ್ಲ. ಅಡುಗೆಮನೆಯಲ್ಲಿದ್ದ ಅಕ್ಕನೇ ಬಂದು "ಏನು ಮಾಡಿದ್ರಿ?" ಅಂತ ಕೇಳಿದಳು.

ಚಿಕ್ಕಪ್ಪನ ಟಿವಿ

ಚಿಕ್ಕಪ್ಪ ಆವತ್ತು ಚೀಟಿ ಇದ್ದ ಪ್ರೀಮಿಯಂ ಹೈ ಸ್ಪೀಡ್ ಕೇಬಲ್ ಒಂದನ್ನು 450 ರೂಪಾಯಿಗೆ ತಂದರು. ಮೂರು ವಾರ ಆದ ಮೇಲೆ ಮತ್ತೆ ಫೋನ್. "ಆಗಾಗ ಪರದೆ ಕಪ್ಪಾಗ್ತಿದೆ ಕಣಪ್ಪಾ, ಆ ಹುಡುಗ ಹೇಳಿದ್ದೇ ಸರಿಯಿತ್ತೇನೋ." ವಿಡಿಯೋ ಕಾಲ್ ಮಾಡಿ ಟಿವಿ ಹಿಂದೆ ತೋರಿಸಿ ಅಂದೆ. ಗೋಡೆಗೆ ಹಾಕುವಾಗ ಕೇಬಲ್ ಹಿಂದಿನ ಕಿಂಡಿಗೆ ಹೋಗಿತ್ತು. ಟಿವಿ ಮತ್ತು ಗೋಡೆ ನಡುವೆ ಎರಡು ಬೆರಳು ಜಾಗ ಇರಲಿಲ್ಲ. ಪ್ಲಗ್ ಬುಡದಲ್ಲೇ ಕೇಬಲ್ ಮಡಚಿ, ಪ್ಲಗ್ ಒಂದು ಕಡೆಗೆ ವಾಲಿತ್ತು. ತೆಗೆದು ಪಕ್ಕದ ಅಂಚಿನಲ್ಲಿರುವ ಕಿಂಡಿಗೆ ಹಾಕಿಸಿದೆ. ಆ ಕಿಂಡಿಗೂ ಪೂರ್ತಿ ವೇಗದ ಸೆಟ್ಟಿಂಗ್ ಆನ್ ಮಾಡಿಸಿದೆ. ಆಮೇಲೆ ಕಪ್ಪಾಗಿಲ್ಲ.

ನಿಮ್ಮ ಟಿವಿ ಗೋಡೆ ಮೇಲಿದ್ದರೆ ಇವತ್ತೇ ಒಂದು ಸಲ ಹಿಂದೆ ಕೈ ಹಾಕಿ ನೋಡಿ. ಪ್ಲಗ್ ನೇರ ಇದೆಯಾ, ಕೇಬಲ್‌ನ ತೂಕ ಪ್ಲಗ್ ಮೇಲೆ ಬೀಳುತ್ತಿದೆಯಾ ಅಂತ. ಬೀಳುತ್ತಿದ್ದರೆ ಬ್ರಾಕೆಟ್‌ಗೆ ಒಂದು ಕೇಬಲ್ ಟೈ ಹಾಕಿ ಕಟ್ಟಿಬಿಡಿ.